ಸಿಡಿದ ನಕ್ಷತ್ರ ಎಂಥದ್ದಾಗಿತ್ತು? ಸೂಪರ್‌ನೋವಾ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಸೂಪರ್‌ನೋವಾ ಸುದ್ದಿ ಬಂದಾಗಲೆಲ್ಲ ಎಷ್ಟು ಹೊಳೆಯಿತು, ಎಷ್ಟು ದೂರದಲ್ಲಿದೆ ಅನ್ನುವಷ್ಟಕ್ಕೇ ಮಾತು ನಿಂತುಬಿಡುತ್ತದೆ. ಅದರ ಮೇಲೆ ಕೆಲಸ ಮಾಡುವವರ ಮೊದಲ ಪ್ರಶ್ನೆ ಬೇರೆ. ಸಿಡಿಯುವ ಮುನ್ನ ಅಲ್ಲಿ ಯಾವ ನಕ್ಷತ್ರ ಇತ್ತು? ಎಷ್ಟು ಭಾರ ಇತ್ತು? ಕೊನೆಗಾಲದಲ್ಲಿ ಅದಕ್ಕೆ ಏನಾಗುತ್ತಿತ್ತು? ಈ ಪುಟದ ಪ್ರಶ್ನೆಗಳೆಲ್ಲ ಅದರ ಸುತ್ತಲೇ ಇವೆ.

ಸೂಪರ್‌ನೋವಾಗಳೆಲ್ಲ ಒಂದೇ ಬಗೆಯ ಸ್ಫೋಟಗಳಾ?

ಅಲ್ಲ. ಮುಖ್ಯವಾಗಿ ಎರಡು ದಾರಿ ಇವೆ.

ಮೊದಲನೆಯದು ದೊಡ್ಡ ನಕ್ಷತ್ರಗಳದ್ದು. ಸೂರ್ಯನಿಗಿಂತ ಸುಮಾರು ಎಂಟು ಪಟ್ಟು ಅಥವಾ ಅದಕ್ಕೂ ಜಾಸ್ತಿ ಭಾರ ಇರುವ ನಕ್ಷತ್ರ ಮೊದಲು ಹೈಡ್ರೋಜನ್ ಉರಿಸುತ್ತದೆ. ಆಮೇಲೆ ಹೀಲಿಯಂ, ಕಾರ್ಬನ್, ನಿಯಾನ್, ಆಕ್ಸಿಜನ್, ಸಿಲಿಕಾನ್. ಮುಂದೆ ಹೋದಂತೆಲ್ಲ ಹಂತಗಳು ಬೇಗ ಬೇಗ ಮುಗಿಯುತ್ತವೆ. ಸೂರ್ಯನ 25 ಪಟ್ಟು ಭಾರದ ನಕ್ಷತ್ರದ ಲೆಕ್ಕ ನೋಡಿ: ಹೈಡ್ರೋಜನ್ ಸುಮಾರು 70 ಲಕ್ಷ ವರ್ಷ ಬರುತ್ತದೆ, ಕಾರ್ಬನ್ ಕೆಲವು ನೂರು ವರ್ಷ, ಆಕ್ಸಿಜನ್ ಕೆಲವು ತಿಂಗಳು, ಸಿಲಿಕಾನ್ ಒಂದು ದಿನದ ಆಸುಪಾಸು. ಕೊನೆಗೆ ಉಳಿಯುವುದು ಕಬ್ಬಿಣ. ಅದನ್ನು ಉರಿಸಿದರೆ ಶಕ್ತಿ ಬರುವುದಿಲ್ಲ. ಒಳಗಿನಿಂದ ತಳ್ಳುವ ಒತ್ತಡ ಸಾಲದೆ, ಹೆಚ್ಚುಕಡಿಮೆ ಭೂಮಿಯಷ್ಟು ಅಗಲದ ಗರ್ಭ ಒಂದು ಸೆಕೆಂಡಿನೊಳಗೆ ಕೆಲವು ಹತ್ತು ಕಿಲೋಮೀಟರ್‌ಗೆ ಕುಸಿಯುತ್ತದೆ. ಆಗ ಹೊರಬೀಳುವ ಶಕ್ತಿಯಲ್ಲಿ ಸುಮಾರು ಶೇಕಡಾ 99 ಪಾಲು ನ್ಯೂಟ್ರಿನೊಗಳದ್ದು, ಅಂದರೆ ಯಾವುದಕ್ಕೂ ತಡೆಯದೆ ಹಾದುಹೋಗುವ ಅತಿ ಹಗುರ ಕಣಗಳದ್ದು. ನಮ್ಮ ಕಣ್ಣಿಗೆ ಅಷ್ಟೊಂದು ಪ್ರಖರವಾಗಿ ಕಾಣುವ ಬೆಳಕು ಶೇಕಡಾ 1ರಲ್ಲೂ ಒಂದು ಚೂರು.

ಎರಡನೆಯದು ಶ್ವೇತ ಕುಬ್ಜಗಳದ್ದು. ಸೂರ್ಯನಂಥ ನಕ್ಷತ್ರ ಸತ್ತ ಮೇಲೆ ಉಳಿಯುವ ದಟ್ಟ ಗುಂಡಿಗೆ ಶ್ವೇತ ಕುಬ್ಜ ಎನ್ನುತ್ತಾರೆ. ಅದರ ಪಕ್ಕದಲ್ಲಿ ಸಂಗಾತಿ ನಕ್ಷತ್ರ ಇದ್ದರೆ, ಆ ಸಂಗಾತಿಯಿಂದ ಬರುವ ವಸ್ತು ಸ್ಫೋಟಕ್ಕೆ ದಾರಿ ಮಾಡಿಕೊಡಬಹುದು. ಶ್ವೇತ ಕುಬ್ಜ ಸೂರ್ಯನ ಸುಮಾರು 1.4 ಪಟ್ಟಿಗಿಂತ ಭಾರವಾಗಿ ನಿಲ್ಲಲಾರದು. ಇದೇ ಸುಬ್ರಹ್ಮಣ್ಯನ್ ಚಂದ್ರಶೇಖರ್ ಲೆಕ್ಕ ಹಾಕಿದ ಮಿತಿ. ಒಳಗಿನ ಕಾರ್ಬನ್ ಒಮ್ಮೆಲೇ ಹೊತ್ತಿಕೊಂಡರೆ ಇಡೀ ಗುಂಡು ಚೂರಾಗುತ್ತದೆ. ಇದನ್ನು ಟೈಪ್ 1ಎ ಎಂದು ಕರೆಯುತ್ತಾರೆ.

ಟೈಪ್ 1, ಟೈಪ್ 2 ಅಂತ ಹೇಗೆ ಗುರುತಿಸುತ್ತಾರೆ?

ರೋಹಿತ ನೋಡಿ. ಸೂಪರ್‌ನೋವಾದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದಾಗ ಅದರಲ್ಲಿ ಹೈಡ್ರೋಜನ್ ಗೆರೆಗಳಿದ್ದರೆ ಟೈಪ್ 2, ಇಲ್ಲದಿದ್ದರೆ ಟೈಪ್ 1. ಈ ವಿಂಗಡಣೆ ರುಡಾಲ್ಫ್ ಮಿಂಕೋವ್‌ಸ್ಕಿ 1941ರಲ್ಲಿ ಮಾಡಿದ್ದು. ಆಗ ಸ್ಫೋಟದ ಕಾರಣ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಹಾಗಾಗಿ ಹೆಸರುಗಳು ಒಂದಿಷ್ಟು ದಾರಿ ತಪ್ಪಿಸುತ್ತವೆ. ಟೈಪ್ 1ರಲ್ಲೇ ಸಿಲಿಕಾನ್ ಗೆರೆ ಎದ್ದು ಕಂಡರೆ 1ಎ, ಹೀಲಿಯಂ ಕಂಡರೆ 1ಬಿ, ಎರಡೂ ಇಲ್ಲದಿದ್ದರೆ 1ಸಿ. 1ಎ ಮಾತ್ರ ಶ್ವೇತ ಕುಬ್ಜದ ಸ್ಫೋಟ. 1ಬಿ, 1ಸಿ ಎರಡೂ ಟೈಪ್ 2ರ ಹಾಗೆ ಗರ್ಭ ಕುಸಿದು ಆಗುವಂಥವು. ಹೆಸರಿನಲ್ಲಿ 1 ಇದೆ ಅಂತ ಮೂರನ್ನೂ ಒಂದೇ ಗುಂಪಿಗೆ ಸೇರಿಸಬೇಡಿ.

ಸಿಡಿದು ಹೋದ ಮೇಲೆ ಮೂಲ ನಕ್ಷತ್ರವನ್ನು ಹುಡುಕುವುದಾದರೂ ಹೇಗೆ?

ಹಳೆಯ ಚಿತ್ರಗಳಲ್ಲಿ. ಹಬಲ್ ದೂರದರ್ಶಕ 1990ರಿಂದ ಹತ್ತಿರದ ಗೆಲಾಕ್ಸಿಗಳ ಚಿತ್ರ ತೆಗೆಯುತ್ತಾ ಬಂದಿದೆ. ಯಾವುದೋ ಬೇರೆ ಕೆಲಸಕ್ಕೆ ತೆಗೆದ ಚಿತ್ರದಲ್ಲಿ, ಮುಂದೊಂದು ದಿನ ಸಿಡಿಯಲಿರುವ ನಕ್ಷತ್ರ ಒಂದು ಚುಕ್ಕೆಯಾಗಿ ಕೂತಿರಬಹುದು.

ಕೆಲಸ ನಡೆಯುವುದು ಹೀಗೆ. ಸೂಪರ್‌ನೋವಾ ಕಂಡ ಕೂಡಲೇ ಅದೇ ಜಾಗದ ಹೊಸ, ಸ್ಪಷ್ಟ ಚಿತ್ರ ತೆಗೆಯುತ್ತಾರೆ. ಹಳೆಯ ಚಿತ್ರದ ಮೇಲೆ ಹೊಸದನ್ನು ಕೂರಿಸಬೇಕು. ಸುತ್ತಲಿನ ಹತ್ತಾರು ನಕ್ಷತ್ರಗಳನ್ನು ಗುರುತಿಟ್ಟುಕೊಂಡು, ಎರಡು ಚಿತ್ರಗಳೂ ಒಂದು ಪಿಕ್ಸೆಲ್‌ನ ಸಣ್ಣ ಭಾಗದಷ್ಟು ನಿಖರವಾಗಿ ಹೊಂದುವ ತನಕ ಜರುಗಿಸುತ್ತಾರೆ, ತಿರುಗಿಸುತ್ತಾರೆ. ಆಮೇಲೆ ಸೂಪರ್‌ನೋವಾ ಇರುವ ಬಿಂದುವಿನಲ್ಲಿ ಹಳೆಯ ಚಿತ್ರದಲ್ಲಿ ಏನಿತ್ತು ಅಂತ ನೋಡುತ್ತಾರೆ. ಎಷ್ಟೋ ಸಲ ಏನೂ ಇರುವುದಿಲ್ಲ. ಒಂದು ಚುಕ್ಕೆ ಇದ್ದರೆ ಅದರ ಹೊಳಪು ಮತ್ತು ಬಣ್ಣ ಅಳೆದು, ನಕ್ಷತ್ರಗಳು ಬೆಳೆಯುವ ಬಗೆಯ ಲೆಕ್ಕದ ಜೊತೆ ಹೋಲಿಸಿ, ಹುಟ್ಟುವಾಗ ಅದರ ಭಾರ ಎಷ್ಟಿತ್ತು ಅಂತ ಅಂದಾಜು ಮಾಡುತ್ತಾರೆ.

ಆದರೆ ಚುಕ್ಕೆ ಸಿಕ್ಕಿದ ಮಾತ್ರಕ್ಕೆ ನಕ್ಷತ್ರ ಸಿಕ್ಕಿತು ಅಂತಲ್ಲ. ಅದು ಎರಡು ಮೂರು ನಕ್ಷತ್ರಗಳ ಗುಂಪು ಇರಬಹುದು. ಅದೇ ದಿಕ್ಕಿನಲ್ಲಿ ಸುಮ್ನೆ ಕಾಣುವ ಬೇರೆ ಯಾವುದೋ ನಕ್ಷತ್ರವೂ ಇರಬಹುದು. ನಿಜವಾದ ಪರೀಕ್ಷೆ ನಡೆಯುವುದು ಕೆಲವು ವರ್ಷಗಳ ನಂತರ. ಸೂಪರ್‌ನೋವಾ ಪೂರ್ತಿ ಮಂಕಾದ ಮೇಲೆ ಮತ್ತೆ ಅದೇ ಜಾಗ ನೋಡಬೇಕು. ಆ ಚುಕ್ಕೆ ಮಾಯವಾಗಿದ್ದರೆ ಸಿಡಿದದ್ದು ಅದೇ. ಎಂ74 ಗೆಲಾಕ್ಸಿಯ ಎಸ್‌ಎನ್ 2003ಜಿಡಿ (ಎಸ್‌ಎನ್ ಅಂದರೆ ಸೂಪರ್‌ನೋವಾ, ಸಂಖ್ಯೆ ಅದು ಕಂಡ ವರ್ಷ) ವಿಷಯದಲ್ಲಿ ಹೀಗೇ ಆಯಿತು. ಹಳೆಯ ಚಿತ್ರದಲ್ಲಿ ಸೂರ್ಯನ ಸುಮಾರು ಎಂಟು ಪಟ್ಟು ಭಾರದ ಕೆಂಪು ಮಹಾದೈತ್ಯ, ಅಂದರೆ ಮುಪ್ಪಿನಲ್ಲಿ ವಿಪರೀತ ಉಬ್ಬಿ ಮೇಲ್ಮೈ ತಣಿದ ದೊಡ್ಡ ನಕ್ಷತ್ರ, ಕಂಡಿತ್ತು. ಅದು ಈಗ ಅಲ್ಲಿಲ್ಲ ಅನ್ನುವುದು 2009ರಲ್ಲಿ ಖಚಿತವಾಯಿತು. 'ಮೂಲ ನಕ್ಷತ್ರ ಪತ್ತೆ' ಅನ್ನುವ ಸುದ್ದಿ ಓದಿದಾಗ ಈ ಎರಡನೇ ಹಂತ ಮುಗಿದಿದೆಯಾ ಅಂತ ನೋಡಿಕೊಳ್ಳಿ. ಮುಗಿದಿಲ್ಲ ಎಂದರೆ ಅದು ಇನ್ನೂ ಅಭ್ಯರ್ಥಿ ಮಾತ್ರ.

ಇದಕ್ಕೆ ದೂರದ ಮಿತಿಯೂ ಇದೆ. ಸುಮಾರು 10 ಕೋಟಿ ಜ್ಯೋತಿರ್ವರ್ಷದ ಆಚೆ ಒಂಟಿ ನಕ್ಷತ್ರವನ್ನು ಹಬಲ್‌ನಿಂದಲೂ ಬೇರೆಯಾಗಿ ಗುರುತಿಸುವುದು ತುಂಬಾ ಕಷ್ಟ.

1987ಎ ಬಗ್ಗೆ ಇವತ್ತಿಗೂ ಯಾಕಿಷ್ಟು ಮಾತು?

ಹತ್ತಿರ ಆದದ್ದು, ಮತ್ತು ಎಲ್ಲರ ನಿರೀಕ್ಷೆಯನ್ನೂ ತಲೆಕೆಳಗು ಮಾಡಿದ್ದು.

1987ರ ಫೆಬ್ರವರಿ 23ರಂದು ದೊಡ್ಡ ಮೆಗಲಾನಿಕ್ ಮೋಡ ಅನ್ನುವ ನಮ್ಮ ನೆರೆಯ ಚಿಕ್ಕ ಗೆಲಾಕ್ಸಿಯಲ್ಲಿ, ಸುಮಾರು 1.68 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿ, ಈ ಸೂಪರ್‌ನೋವಾ ಕಂಡಿತು. ಬರಿಗಣ್ಣಿಗೂ ಕಾಣುತ್ತಿತ್ತು. ಆ ಜಾಗದಲ್ಲಿ ಮೊದಲು ಇದ್ದದ್ದು ಸ್ಯಾಂಡ್ಯುಲೀಕ್ -69 202 ಅನ್ನುವ, ಪಟ್ಟಿಯಲ್ಲಿ ಆಗಲೇ ದಾಖಲಾಗಿದ್ದ ನಕ್ಷತ್ರ. ಅದು ನೀಲಿ ಮಹಾದೈತ್ಯ, ಕೆಂಪು ಮಹಾದೈತ್ಯಕ್ಕಿಂತ ಬಿಸಿ, ಗಾತ್ರದಲ್ಲಿ ಚಿಕ್ಕದು. ಸಿಡಿಯುವುದೇನಿದ್ದರೂ ಕೆಂಪು ಮಹಾದೈತ್ಯಗಳು ಅಂತ ಎಲ್ಲರೂ ನಂಬಿದ್ದ ಕಾಲ ಅದು.

ಮೊದಮೊದಲು ಸಿಡಿದದ್ದು ಇದೇನಾ ಅಂತಲೇ ಗೊಂದಲ ಇತ್ತು. ಅತಿನೇರಳೆ ಬೆಳಕಿನಲ್ಲಿ ನೋಡಿದರೆ ಆ ಜಾಗದಲ್ಲಿ ಇನ್ನೂ ನೀಲಿ ನಕ್ಷತ್ರ ಕಾಣುತ್ತಿತ್ತು. ಆಮೇಲೆ ಗೊತ್ತಾಯಿತು: ಕಾಣುತ್ತಿದ್ದದ್ದು ಅದಕ್ಕೆ ಅಂಟಿಕೊಂಡಂತಿದ್ದ ಮಂಕಾದ ಎರಡು ನೆರೆಯ ನಕ್ಷತ್ರಗಳು. ಸ್ಯಾಂಡ್ಯುಲೀಕ್ ನಿಜಕ್ಕೂ ಹೋಗಿತ್ತು. ಹಿಂದಿನ ಉತ್ತರದಲ್ಲಿ ಹೇಳಿದ ಪರೀಕ್ಷೆಯ ಬೆಲೆ ಇಲ್ಲಿ ಚೆನ್ನಾಗಿ ಕಾಣುತ್ತದೆ.

ನ್ಯೂಟ್ರಿನೊಗಳ ಕಥೆ ಇನ್ನೂ ಚೆನ್ನಾಗಿದೆ. ಬೆಳಕು ಕಾಣುವ ಎರಡು ಮೂರು ಗಂಟೆ ಮೊದಲೇ ಜಪಾನಿನ ಕಾಮಿಯೊಕಾಂಡೆ, ಅಮೆರಿಕದ ಐಎಂಬಿ, ರಷ್ಯಾದ ಬಕ್ಸಾನ್ ಪತ್ತೆಯಂತ್ರಗಳು ಸೇರಿ ಸುಮಾರು 25 ನ್ಯೂಟ್ರಿನೊ ಹಿಡಿದಿದ್ದವು. ಎಲ್ಲವೂ ಹತ್ತು ಹದಿಮೂರು ಸೆಕೆಂಡಿನೊಳಗೆ. ಗರ್ಭ ಕುಸಿದ ಕೂಡಲೇ ನ್ಯೂಟ್ರಿನೊಗಳು ಹೊರಡುತ್ತವೆ. ಆದರೆ ಸ್ಫೋಟದ ಅಲೆ ನಕ್ಷತ್ರದ ಮೇಲ್ಮೈ ತಲುಪಿದ ಮೇಲೆ ಮಾತ್ರ ಬೆಳಕು ಹೊರಬರುತ್ತದೆ. ಆ ಅಂತರವೇ ನಕ್ಷತ್ರದ ಗಾತ್ರ ಹೇಳುತ್ತದೆ. ಕೆಂಪು ಮಹಾದೈತ್ಯ ಆಗಿದ್ದರೆ ಅಲೆ ಮೇಲೆ ಬರಲು ಹೆಚ್ಚುಕಡಿಮೆ ಒಂದು ದಿನ ಬೇಕಿತ್ತು. ಕೆಲವೇ ಗಂಟೆ ಸಾಕಾಯಿತು ಎಂದರೆ ನಕ್ಷತ್ರ ಚಿಕ್ಕದು, ಅಂದರೆ ನೀಲಿ. ಹಳೆಯ ಚಿತ್ರ ಹೇಳಿದ್ದನ್ನೇ ನ್ಯೂಟ್ರಿನೊಗಳೂ ಹೇಳಿದವು.

ಅದರ ಸುತ್ತ ಮೂರು ಉಂಗುರಗಳಿವೆ. ಸಿಡಿಯುವ ಸುಮಾರು 20,000 ವರ್ಷ ಮೊದಲೇ ನಕ್ಷತ್ರ ಹೊರಚೆಲ್ಲಿದ ವಸ್ತು ಅದು. ಎರಡು ನಕ್ಷತ್ರಗಳು ಒಂದರಲ್ಲೊಂದು ಸೇರಿಹೋದಾಗ ಉಂಗುರಗಳು ಆಗಿರಬೇಕು, ಆ ಬೆರಕೆಯಿಂದಲೇ ಉಳಿದ ನಕ್ಷತ್ರ ನೀಲಿಯಾಗಿದ್ದಿರಬೇಕು ಅನ್ನುವುದು ಈಗ ಹೆಚ್ಚು ಜನ ಒಪ್ಪುವ ವಿವರಣೆ. ನಡುವೆ ಏನು ಉಳಿಯಿತು ಅನ್ನುವುದಕ್ಕೆ ತುಂಬಾ ಕಾಯಬೇಕಾಯಿತು. ಕೇಂದ್ರದಲ್ಲಿ ಅಯಾನೀಕರಿಸಿದ (ಎಲೆಕ್ಟ್ರಾನ್ ಕಳೆದುಕೊಂಡ) ಆರ್ಗಾನ್ ಅನಿಲದ ಗೆರೆಗಳನ್ನು ಜೇಮ್ಸ್ ವೆಬ್ ದೂರದರ್ಶಕ ಹಿಡಿಯಿತು, ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಅಷ್ಟು ಬಲವಾಗಿ ಆ ಅನಿಲವನ್ನು ಕೆಣಕಲು ಒಳಗೆ ನ್ಯೂಟ್ರಾನ್ ನಕ್ಷತ್ರ, ಅಂದರೆ ಕುಸಿದ ಗರ್ಭದಿಂದ ಉಳಿದ ಅತಿ ದಟ್ಟ ಗುಂಡು, ಇರಲೇಬೇಕು ಅನ್ನುವುದು ಅದರ ಅರ್ಥ.

ಸ್ಫೋಟದ ಮೊದಲ ಕೆಲವು ಗಂಟೆಗಳಿಗೆ ಯಾಕಷ್ಟು ಬೆಲೆ?

ಮೊದಲ ದಿನ ಸಿಗುವ ಸುದ್ದಿ ಎರಡನೇ ದಿನ ಸಿಗುವುದಿಲ್ಲ, ಅದಕ್ಕೆ.

ಅಲೆ ಮೇಲ್ಮೈ ಸೀಳಿಕೊಂಡು ಬಂದಾಗ ಎಕ್ಸ್‌ರೇ ಮತ್ತು ಅತಿನೇರಳೆ ಬೆಳಕಿನ ಒಂದು ಮಿಂಚು ಹೊಮ್ಮುತ್ತದೆ. 2008ರ ಜನವರಿ 9ರಂದು ಅಲಿಸಿಯಾ ಸೋಡರ್‌ಬರ್ಗ್ ಮತ್ತು ಸಂಗಡಿಗರು ಸ್ವಿಫ್ಟ್ ಉಪಗ್ರಹದಿಂದ ಎನ್‌ಜಿಸಿ 2770 ಗೆಲಾಕ್ಸಿಯ ಬೇರೊಂದು ಸೂಪರ್‌ನೋವಾ ನೋಡುತ್ತಿದ್ದರು. ಅಷ್ಟರಲ್ಲಿ ಅದೇ ಗೆಲಾಕ್ಸಿಯಲ್ಲಿ ಕೆಲವೇ ನಿಮಿಷದ ಎಕ್ಸ್‌ರೇ ಮಿಂಚು ಕಂಡಿತು. ಅದು ಎಸ್‌ಎನ್ 2008ಡಿ. ಮಿಂಚು ಅಷ್ಟು ಬೇಗ ಮುಗಿಯಬೇಕಾದರೆ ಸಿಡಿದ ನಕ್ಷತ್ರ ತೀರಾ ಚಿಕ್ಕ ಗಾತ್ರದ್ದಿರಬೇಕು. ಹೊರಪದರ ಕಳೆದುಕೊಂಡ ನಕ್ಷತ್ರಗಳು ಇರುವುದು ಹಾಗೆಯೇ.

ಇನ್ನೊಂದು ಮುಖ್ಯ ಉದಾಹರಣೆ ಎಸ್‌ಎನ್ 2013ಎಫ್‌ಎಸ್. ಸ್ಫೋಟವಾದ ಸುಮಾರು 6 ಗಂಟೆಗೇ ಅದರ ರೋಹಿತ ಸಿಕ್ಕಿತು. ಅದರಲ್ಲಿ ವಿಪರೀತ ಬಿಸಿಯಾದ ಆಕ್ಸಿಜನ್ ಅನಿಲದ ಗೆರೆಗಳಿದ್ದವು. ಅವು ಬಂದಷ್ಟೇ ಬೇಗ ಮಾಯವಾದವು. ಇದರ ಅರ್ಥ ಇಷ್ಟು: ನಕ್ಷತ್ರದ ಸುತ್ತ, ಸುಮಾರು 1,000 ಕೋಟಿ ಕಿಲೋಮೀಟರ್‌ನೊಳಗೆ, ದಟ್ಟ ಅನಿಲ ಆವರಿಸಿತ್ತು. ಸಿಡಿದ ಚೂರುಗಳು ಅದನ್ನು ನುಂಗಿಬಿಟ್ಟವು. ಆ ಅನಿಲದ ವೇಗದಿಂದ ಹಿಂದಕ್ಕೆ ಲೆಕ್ಕ ಹಾಕಿದರೆ, ನಕ್ಷತ್ರ ಅದನ್ನು ಚೆಲ್ಲಿದ್ದು ಸಾಯುವ ಮೊದಲಿನ ಒಂದು ವರ್ಷದ ಆಸುಪಾಸಿನಲ್ಲಿ. ಲಕ್ಷಾಂತರ ವರ್ಷ ಬದುಕಿದ ನಕ್ಷತ್ರಕ್ಕೆ ಕೊನೆಯ ವರ್ಷದಲ್ಲೇ ಏನೋ ಆಗಿದೆ. ಒಳಗಿನ ಕೊನೆಯ ಉರಿಯ ಹಂತಗಳು ಮೇಲಿನ ಪದರವನ್ನು ಅಲುಗಾಡಿಸುತ್ತವೆಯಾ? ಈ ಕ್ಷೇತ್ರದಲ್ಲಿ ಈಗ ಇದಕ್ಕಿಂತ ಸ್ವಾರಸ್ಯದ ಪ್ರಶ್ನೆ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ಹೊಳಪಿನ ಏರಿಳಿತ ನೋಡಿಯೇ ನಕ್ಷತ್ರದ ಬಗ್ಗೆ ಹೇಳಬಹುದಾ?

ಸಾಕಷ್ಟು ಹೇಳಬಹುದು. ಹೆಚ್ಚಿನ ಟೈಪ್ 2 ಸೂಪರ್‌ನೋವಾಗಳು ಸುಮಾರು 100 ದಿನ ಒಂದೇ ಹೊಳಪಿನಲ್ಲಿ ನಿಲ್ಲುತ್ತವೆ, ಆಮೇಲೆ ದಡಕ್ಕನೆ ಇಳಿಯುತ್ತವೆ. ಅಷ್ಟು ದಿನ ಹೊಳಪು ನಿಲ್ಲಬೇಕಾದರೆ ನಕ್ಷತ್ರದ ಮೇಲೆ ದಪ್ಪನೆಯ ಹೈಡ್ರೋಜನ್ ಪದರ ಇರಬೇಕು. ಅದು ಹೊರಗಿನಿಂದ ಒಳಗೆ ನಿಧಾನಕ್ಕೆ ತಣಿಯುತ್ತಾ, ತನ್ನೊಳಗೆ ಸಿಕ್ಕಿಬಿದ್ದ ಶಾಖವನ್ನು ಬಿಡುತ್ತಾ ಹೋಗುತ್ತದೆ. ಎಷ್ಟು ದಿನ ನಿಂತಿತು, ಎಷ್ಟು ಹೊಳೆಯಿತು, ಚೂರುಗಳ ವೇಗ ಎಷ್ಟು ಅನ್ನುವ ಮೂರೂ ಸೇರಿದರೆ ಪದರದ ಭಾರ, ನಕ್ಷತ್ರದ ಗಾತ್ರ, ಸ್ಫೋಟದ ಶಕ್ತಿ ಅಂದಾಜಾಗುತ್ತದೆ.

ಇಳಿದ ಮೇಲೆ ಉಳಿಯುವ ಮಂಕು ಬೆಳಕು ವಿಕಿರಣಶೀಲ ವಸ್ತುಗಳದ್ದು. ಸ್ಫೋಟದಲ್ಲಿ ಹುಟ್ಟಿದ ನಿಕಲ್-56 ಸುಮಾರು 6 ದಿನಕ್ಕೆ ಅರ್ಧವಾಗಿ ಕೋಬಾಲ್ಟ್-56 ಆಗುತ್ತದೆ. ಕೋಬಾಲ್ಟ್ ಸುಮಾರು 77 ದಿನಕ್ಕೆ ಅರ್ಧವಾಗಿ ಕಬ್ಬಿಣವಾಗುತ್ತದೆ. ಬೆಳಕು ಆ ಲೆಕ್ಕಕ್ಕೆ ತಕ್ಕ ಹಾಗೇ ಇಳಿಯುವುದರಿಂದ ಎಷ್ಟು ನಿಕಲ್ ಹುಟ್ಟಿತ್ತು ಅಂತ ತಿಳಿಯುತ್ತದೆ. 1987ಎಯಲ್ಲಿ ಅದು ಸೂರ್ಯನ ಭಾರದ ಶೇಕಡಾ 7ರಷ್ಟು. ಟೈಪ್ 1ಎಯಲ್ಲಿ ಸಾಮಾನ್ಯವಾಗಿ ಶೇಕಡಾ 60ರ ಹತ್ತಿರ. ಅದಕ್ಕೇ ಅವು ಅಷ್ಟು ಹೊಳೆಯುವುದು.

ಮಂಕಾದ ಮೇಲೂ ಯಾಕೆ ನೋಡುತ್ತಾರೆ?

ಆರು ತಿಂಗಳು, ವರ್ಷ ಕಳೆದರೆ ಚೂರುಗಳು ತೆಳುವಾಗಿ, ಒಳಗಿನ ತನಕ ಕಾಣಲು ಶುರುವಾಗುತ್ತದೆ. ಆಗ ಆಕ್ಸಿಜನ್ ಗೆರೆ ಎಷ್ಟು ಗಟ್ಟಿಯಾಗಿದೆ ಅಂತ ನೋಡುತ್ತಾರೆ. ಭಾರದ ನಕ್ಷತ್ರದ ಗರ್ಭದಲ್ಲಿ ಆಕ್ಸಿಜನ್ ಜಾಸ್ತಿ. ಹಳೆಯ ಚಿತ್ರ ಇಲ್ಲದ ಸೂಪರ್‌ನೋವಾಗಳಿಗೆ ಇದು ಒಳ್ಳೆಯ ಅಳತೆಗೋಲು.

ಕೆಲವು ಸೂಪರ್‌ನೋವಾಗಳಲ್ಲಿ ಹೈಡ್ರೋಜನ್ ಯಾಕಿಲ್ಲ? ನಕ್ಷತ್ರ ಅಂದರೆ ಹೈಡ್ರೋಜನ್ನೇ ಅಲ್ವಾ?

ಹುಟ್ಟುವಾಗ ಹೌದು. ಮುದಿ ನಕ್ಷತ್ರದ ಒಳಗು ಈರುಳ್ಳಿಯ ಹಾಗೆ ಪದರ ಪದರ: ಮೇಲೆ ಹೈಡ್ರೋಜನ್, ಕೆಳಗೆ ಹೀಲಿಯಂ, ಅದರ ಕೆಳಗೆ ಕಾರ್ಬನ್, ಆಕ್ಸಿಜನ್, ಹೀಗೆ. ಮೇಲಿನ ಒಂದು ಪದರ ಹೋಗಿ ಸಿಡಿದರೆ 1ಬಿ, ಎರಡು ಹೋಗಿದ್ದರೆ 1ಸಿ.

ಪದರ ಕಳಚುವವರು ಯಾರು? ಒಂದು ಕಾಲದಲ್ಲಿ ನಕ್ಷತ್ರದ ಸ್ವಂತ ಗಾಳಿಯೇ ಮುಖ್ಯ ಕಾರಣ ಎನ್ನುತ್ತಿದ್ದರು. ಈಗ ತಕ್ಕಡಿ ಸಂಗಾತಿ ನಕ್ಷತ್ರದ ಕಡೆ ವಾಲಿದೆ. ದೊಡ್ಡ ನಕ್ಷತ್ರಗಳಲ್ಲಿ ಹೆಚ್ಚಿನವು ಜೋಡಿಯಾಗಿಯೇ ಇರುತ್ತವೆ, ಒಂದರ ಹೊರಪದರವನ್ನು ಇನ್ನೊಂದು ಎಳೆದುಕೊಳ್ಳುತ್ತದೆ. ಎಂ81 ಗೆಲಾಕ್ಸಿಯ ಎಸ್‌ಎನ್ 1993ಜೆ ಇದಕ್ಕೆ ಚೆನ್ನಾಗಿ ಸಾಕ್ಷಿ ಹೇಳುತ್ತದೆ. ಮೊದಲು ಹೈಡ್ರೋಜನ್ ತೋರಿಸಿತು, ಕೆಲವು ವಾರಕ್ಕೆ ಅದು ಮರೆಯಾಗಿ ಹೀಲಿಯಂ ಎದ್ದು ಬಂತು. ಅಂದರೆ ಹೈಡ್ರೋಜನ್ ಪದರ ತೆಳ್ಳಗೆ ಮಾತ್ರ ಉಳಿದಿತ್ತು. ಇಂಥವನ್ನು 2ಬಿ ಎನ್ನುತ್ತಾರೆ. ಆಮೇಲೆ ಆ ಜಾಗದಲ್ಲಿ ಬಿಸಿಯಾದ ಸಂಗಾತಿ ನಕ್ಷತ್ರದ ಗುರುತುಗಳೂ ಸಿಕ್ಕಿದವು.

ಕಳಚಿಕೊಳ್ಳುವುದಕ್ಕೆ ಮಿತಿ ಎಲ್ಲಿದೆ ಅಂತ ಕೇಳಿದರೆ, 2025ರಲ್ಲಿ ವಿವರ ಪ್ರಕಟವಾದ ಎಸ್‌ಎನ್ 2021ವೈಎಫ್‌ಜೆ ನೋಡಬೇಕು. ಅದರ ಆರಂಭದ ರೋಹಿತದಲ್ಲಿ ಸಿಲಿಕಾನ್, ಗಂಧಕ, ಆರ್ಗಾನ್ ಕಂಡವು. ಕಬ್ಬಿಣದ ಗರ್ಭದ ಪಕ್ಕದ ಪದರದ ತನಕ ಆ ನಕ್ಷತ್ರ ಬೋಳಾಗಿತ್ತು. ಪಠ್ಯದಲ್ಲಿ ಬರೆದ ಪದರಗಳ ಚಿತ್ರವನ್ನು ಆಕಾಶದಲ್ಲಿ ಇಷ್ಟು ಒಳಗಿನ ತನಕ ಹಿಂದೆ ಯಾರೂ ಕಂಡಿರಲಿಲ್ಲ. ಅಷ್ಟನ್ನು ಕಳಚಿದ್ದು ಯಾವುದು ಅನ್ನುವುದಕ್ಕೆ ಒಪ್ಪುವಂಥ ಉತ್ತರ ಇನ್ನೂ ಬಂದಿಲ್ಲ.

ಟೈಪ್ 1ಎ ಬಗ್ಗೆ ಇಷ್ಟು ಗೊತ್ತಿದ್ದೂ ಅದರ ಮೂಲ ನಕ್ಷತ್ರ ಯಾಕೆ ಕಾಣುತ್ತಿಲ್ಲ?

ಶ್ವೇತ ಕುಬ್ಜ ತೀರಾ ಮಂಕು. ಬೇರೆ ಗೆಲಾಕ್ಸಿಯಲ್ಲಿ ಅದು ಕಾಣುವ ಮಾತೇ ಇಲ್ಲ. ಕಾಣಬಹುದಾದದ್ದು ಅದರ ಸಂಗಾತಿ, ಅದೂ ದೊಡ್ಡದಾಗಿದ್ದರೆ.

2011ರ ಆಗಸ್ಟ್ 24ರಂದು ಎಂ101 ಗೆಲಾಕ್ಸಿಯಲ್ಲಿ ಎಸ್‌ಎನ್ 2011ಎಫ್‌ಇ ಸಿಕ್ಕಿತು. ದೂರ ಸುಮಾರು 2.1 ಕೋಟಿ ಜ್ಯೋತಿರ್ವರ್ಷ, ಸ್ಫೋಟವಾಗಿ ಒಂದು ದಿನವೂ ಆಗಿರಲಿಲ್ಲ. ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದು ಕಷ್ಟ. ಹಬಲ್‌ನ ಹಳೆಯ ಚಿತ್ರಗಳಲ್ಲಿ ಹುಡುಕಿದರೆ ಅಲ್ಲಿ ಏನೂ ಇರಲಿಲ್ಲ. ಆದರೆ ಆ ಖಾಲಿ ಜಾಗವೇ ಸುದ್ದಿ: ಸಂಗಾತಿ ಹೊಳೆಯುವ ಕೆಂಪು ದೈತ್ಯ ಆಗಿರಲು ಸಾಧ್ಯವಿಲ್ಲ. ಮೊದಲ ಗಂಟೆಗಳ ಹೊಳಪು ನೋಡಿ ಸಿಡಿದದ್ದು ತೀರಾ ಚಿಕ್ಕ, ದಟ್ಟ ನಕ್ಷತ್ರ ಅಂತಲೂ ಖಚಿತವಾಯಿತು.

ಹಾಗಾದರೆ ಎರಡು ಶ್ವೇತ ಕುಬ್ಜಗಳು ಸೇರಿ ಸಿಡಿಯುತ್ತವಾ? ಅದಕ್ಕೂ ಪುರಾವೆ ಇದೆ. ಸೆಕೆಂಡಿಗೆ 1,000 ಕಿಲೋಮೀಟರ್‌ಗಿಂತ ವೇಗವಾಗಿ ಓಡುತ್ತಿರುವ ಮೂರು ವಿಚಿತ್ರ ಶ್ವೇತ ಕುಬ್ಜಗಳು 2018ರಲ್ಲಿ ಗಾಯಾ ಉಪಗ್ರಹದ ದತ್ತಾಂಶದಿಂದ ಪತ್ತೆಯಾದವು. ಜೊತೆಗಾರ ಸಿಡಿದಾಗ ಕವಣೆ ಕಲ್ಲಿನಂತೆ ಹಾರಿಬಂದ ಸಂಗಾತಿಗಳು ಇವು ಅನ್ನುವುದೇ ಸರಿಹೊಂದುವ ವಿವರಣೆ. ದೊಡ್ಡ ಮೆಗಲಾನಿಕ್ ಮೋಡದ ಎಸ್‌ಎನ್‌ಆರ್ 0509-67.5 ಅನ್ನುವ ಅವಶೇಷದಲ್ಲಿ ಕ್ಯಾಲ್ಸಿಯಂನ ಎರಡು ಪ್ರತ್ಯೇಕ ಚಿಪ್ಪುಗಳು ಕಂಡಿವೆ. ಮೊದಲು ಮೇಲಿನ ಹೀಲಿಯಂ ಹೊತ್ತಿ, ಅದರ ಅಲೆ ಒಳಗೆ ನುಗ್ಗಿ ಕಾರ್ಬನ್ ಹೊತ್ತಿಸಿದರೆ ಹೀಗೆಯೇ ಎರಡು ಚಿಪ್ಪು ಆಗಬೇಕು. ಈ ದಾರಿಯಲ್ಲಿ 1.4 ಪಟ್ಟಿನ ಮಿತಿ ಮುಟ್ಟುವ ಅಗತ್ಯವೇ ಇಲ್ಲ. ಬಹುಶಃ ಒಂದಕ್ಕಿಂತ ಹೆಚ್ಚು ದಾರಿಗಳಿವೆ. ಒಂದೇ ಕಥೆ ಹೇಳಿ ಮುಗಿಸುವ ಪುಸ್ತಕಗಳು ಹಳತಾಗಿವೆ.

ದೊಡ್ಡ ನಕ್ಷತ್ರಗಳೆಲ್ಲ ಸಿಡಿದೇ ಸಾಯುತ್ತವಾ?

ಇಲ್ಲ ಅನ್ನುವ ಗುಮಾನಿ ಇದೆ. ಸಾಮಾನ್ಯ ಟೈಪ್ 2 ಸೂಪರ್‌ನೋವಾಗಳ ಮೂಲ ನಕ್ಷತ್ರಗಳನ್ನು ಒಟ್ಟುಗೂಡಿಸಿ ಸ್ಟೀಫನ್ ಸ್ಮಾರ್ಟ್ ಮತ್ತು ಸಂಗಡಿಗರು 2009ರಲ್ಲಿ ಲೆಕ್ಕ ಹಾಕಿದರು. ಅವೆಲ್ಲ ಸೂರ್ಯನ 8ರಿಂದ ಸುಮಾರು 17 ಪಟ್ಟು ಭಾರದೊಳಗೇ ಇದ್ದವು. ಆದರೆ ನಮ್ಮ ಸುತ್ತಮುತ್ತ ಅದಕ್ಕಿಂತ ಭಾರದ, 25 ಪಟ್ಟಿನ ತನಕದ ಕೆಂಪು ಮಹಾದೈತ್ಯಗಳು ಕಾಣುತ್ತವೆ. ಅವುಗಳಿಗೆ ಏನಾಗುತ್ತದೆ?

ಒಂದು ಉತ್ತರ: ಸದ್ದಿಲ್ಲದೆ ಕುಸಿದು ಕಪ್ಪುಕುಳಿ ಆಗುತ್ತವೆ. ಎನ್‌ಜಿಸಿ 6946 ಗೆಲಾಕ್ಸಿಯಲ್ಲಿ ಸೂರ್ಯನ ಸುಮಾರು 25 ಪಟ್ಟು ಭಾರದ ಒಂದು ನಕ್ಷತ್ರ 2009ರಲ್ಲಿ ಸ್ವಲ್ಪ ಹೊಳೆದು ಆಮೇಲೆ ಮರೆಯಾಯಿತು. ಇದನ್ನು ವಿಫಲ ಸೂಪರ್‌ನೋವಾ ಎಂದರು. ಜೇಮ್ಸ್ ವೆಬ್ ಅಲ್ಲಿ ಮಂಕಾದ ಅವಗೆಂಪು ಬೆಳಕು ಕಂಡಿದ್ದರಿಂದ ವಾದ ಇನ್ನೂ ಮುಗಿದಿಲ್ಲ. ಇನ್ನೊಂದು ಉತ್ತರ: ಸುತ್ತಲಿನ ಧೂಳು ನಕ್ಷತ್ರವನ್ನು ಮಂಕಾಗಿಸಿ ನಮ್ಮ ಲೆಕ್ಕ ಕೆಡಿಸುತ್ತಿದೆ. ನನಗೆ ಎರಡನೆಯದನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ ಅನ್ನಿಸುತ್ತದೆ. 2023ರ ಮೇ 19ರಂದು ಜಪಾನಿನ ಕೊಯಿಚಿ ಇಟಗಾಕಿ ಎಂ101ರಲ್ಲಿ ಕಂಡುಹಿಡಿದ ಎಸ್‌ಎನ್ 2023ಐಎಕ್ಸ್‌ಎಫ್ ನೋಡಿ. ಮೂಲ ನಕ್ಷತ್ರ ಒಂದೇ, ಹಳೆಯ ಚಿತ್ರಗಳೂ ಹೆಚ್ಚುಕಡಿಮೆ ಅವೇ. ಆದರೂ ಒಂದು ತಂಡ ಸೂರ್ಯನ ಸುಮಾರು 10 ಪಟ್ಟು ಎಂದರೆ, ಇನ್ನೊಂದು 20ರ ಹತ್ತಿರ ಎಂದಿತು. ವ್ಯತ್ಯಾಸ ಬಂದದ್ದು ಬಹುಪಾಲು ಧೂಳಿನ ಲೆಕ್ಕದಿಂದ.

ಸಿಡಿಯುವ ಮೊದಲು ಏನಾದರೂ ಸೂಚನೆ ಕೊಡುತ್ತವಾ?

ಕೆಲವು ಕೊಡುತ್ತವೆ. ಎಸ್‌ಎನ್ 2006ಜೆಸಿ ಸಿಡಿದ ಜಾಗದಲ್ಲಿ ಎರಡು ವರ್ಷ ಮೊದಲೇ, 2004ರಲ್ಲಿ, ಒಂದು ಚಿಕ್ಕ ಹೊಳಪು ಕಂಡಿತ್ತು. ಅದನ್ನು ಕಂಡವರೂ ಇಟಗಾಕಿಯೇ. ಎಸ್‌ಎನ್ 2009ಐಪಿ ಹೆಸರೇ ಒಂದು ತಮಾಷೆ: 2009ರಲ್ಲಿ ಹೊಳೆದಾಗ ಸೂಪರ್‌ನೋವಾ ಅಂದುಕೊಂಡು ಹೆಸರಿಟ್ಟರು. ಅದು ಬರೀ ಕೆರಳಿಕೆ ಅಂತ ಆಮೇಲೆ ಗೊತ್ತಾಯಿತು. ಮತ್ತೆ ಮತ್ತೆ ಕೆರಳಿ 2012ರಲ್ಲಿ ತೀರಾ ದೊಡ್ಡದಾಗಿ ಹೊಳೆಯಿತು. ಆದರೆ 2023ಐಎಕ್ಸ್‌ಎಫ್‌ನ ನಕ್ಷತ್ರ ಸಾಯುವ ಮೊದಲಿನ ವರ್ಷಗಳಲ್ಲಿ ಸುಮಾರು 1,000 ದಿನಕ್ಕೊಮ್ಮೆ ಉಬ್ಬಿ ಕುಗ್ಗುತ್ತಿತ್ತು, ಅಷ್ಟೇ. ದೊಡ್ಡ ಕೆರಳಿಕೆ ಯಾವುದೂ ದಾಖಲಾಗಿಲ್ಲ. ಹಾಗಿದ್ದೂ ಅದರ ಸುತ್ತ ದಟ್ಟ ಅನಿಲ ಇತ್ತು.

ನೂರಾರು ವರ್ಷ ಹಿಂದೆ ಸಿಡಿದದ್ದನ್ನು ಈಗ ಓದಲು ಸಾಧ್ಯವಾ?

ಸಾಧ್ಯ, ಮತ್ತು ಇದು ನನಗೆ ತುಂಬಾ ಇಷ್ಟವಾದ ವಿಧಾನ. ಸ್ಫೋಟದ ಬೆಳಕು ಎಲ್ಲ ದಿಕ್ಕಿಗೂ ಹೋಗುತ್ತದೆ. ಬದಿಗೆ ಹೋದ ಬೆಳಕು ದೂರದ ಧೂಳಿನ ಮೋಡಕ್ಕೆ ಬಡಿದು, ತಿರುಗಿ, ನಮ್ಮ ಕಡೆ ತಡವಾಗಿ ಬರುತ್ತದೆ. ಕ್ಯಾಸಿಯೋಪಿಯಾ ಎ ಅವಶೇಷ 1680ರ ಆಸುಪಾಸಿನ ಸ್ಫೋಟದ್ದು. ಆ ಪ್ರತಿಫಲಿತ ಬೆಳಕನ್ನು 2008ರಲ್ಲಿ ಹಿಡಿದು ರೋಹಿತ ತೆಗೆದರು. ಅದು 1993ಜೆಯಂತೆ 2ಬಿ ಅಂತ ತಿಳಿಯಿತು. ಟೈಕೊ ಬ್ರಾಹೆ 1572ರಲ್ಲಿ ನೋಡಿದ ಸೂಪರ್‌ನೋವಾ ಸಾಮಾನ್ಯ ಟೈಪ್ 1ಎ ಅನ್ನುವುದೂ ಅದೇ ವರ್ಷ ಹೀಗೆಯೇ ಖಚಿತವಾಯಿತು.

ಬೀಟಲ್‌ಜ್ಯೂಸ್ ಯಾವಾಗ ಸಿಡಿಯುತ್ತದೆ?

ನಾವು ಆರಿದ್ರಾ ಎಂದು ಕರೆಯುವ ಈ ಕೆಂಪು ಮಹಾದೈತ್ಯ ಸಿಡಿಯುವುದಂತೂ ಹೌದು. ಆದರೆ ಅದಕ್ಕೆ ಇನ್ನೂ 1 ಲಕ್ಷ ವರ್ಷದಷ್ಟು ಸಮಯ ಇರಬಹುದು. 2019ರ ಕೊನೆಯಿಂದ 2020ರ ಫೆಬ್ರವರಿ ತನಕ ಅದರ ಹೊಳಪು ಅರ್ಧಕ್ಕಿಂತ ಕೆಳಗೆ ಇಳಿದಾಗ ಎಲ್ಲ ಕಡೆ ಗುಲ್ಲೆದ್ದಿತು. ಕಾರಣ, ಅದು ತಾನೇ ಉಗುಳಿದ ಅನಿಲ ತಣಿದು ಆದ ಧೂಳಿನ ಮರೆ. ದೂರ 500ರಿಂದ 700 ಜ್ಯೋತಿರ್ವರ್ಷ, ಹಾಗಾಗಿ ಸಿಡಿದರೂ ನಮಗೆ ಅಪಾಯ ಇಲ್ಲ. ಮೇಲ್ಮೈಯ ಹೊಳಪು ನೋಡಿ ಗರ್ಭದಲ್ಲಿ ಯಾವ ಇಂಧನ ಉರಿಯುತ್ತಿದೆ ಅಂತ ಹೇಳಲಾಗುವುದಿಲ್ಲ. 'ಇಂದೋ ನಾಳೆಯೋ ಸಿಡಿಯುತ್ತದೆ' ಅನ್ನುವ ವಿಡಿಯೊಗಳಿಗೆ ಗಮನ ಕೊಡಬೇಡಿ.

ಸೂರ್ಯ?

ಸಿಡಿಯುವುದಿಲ್ಲ. ಅದಕ್ಕೆ ಅಷ್ಟು ಭಾರವೂ ಇಲ್ಲ, ಸಂಗಾತಿಯೂ ಇಲ್ಲ.

ಹವ್ಯಾಸಿಗಳು ಇದರಲ್ಲಿ ಏನಾದರೂ ಮಾಡಬಹುದಾ?

ಮಾಡಿದ್ದಾರೆ. ಆಸ್ಟ್ರೇಲಿಯಾದ ಪಾದ್ರಿ ರಾಬರ್ಟ್ ಎವಾನ್ಸ್ ನೂರಾರು ಗೆಲಾಕ್ಸಿಗಳ ಚಹರೆ ನೆನಪಿಟ್ಟುಕೊಂಡು, ಬರೀ ಕಣ್ಣನ್ನು ದೂರದರ್ಶಕಕ್ಕೆ ಇಟ್ಟು 40ಕ್ಕೂ ಹೆಚ್ಚು ಸೂಪರ್‌ನೋವಾ ಕಂಡುಹಿಡಿದರು. ಅರ್ಜೆಂಟೀನಾದ ವಿಕ್ಟರ್ ಬೂಸೊ 2016ರ ಸೆಪ್ಟೆಂಬರ್ 20ರ ರಾತ್ರಿ ಹೊಸ ಕ್ಯಾಮೆರಾ ಪರೀಕ್ಷಿಸಲು ಎನ್‌ಜಿಸಿ 613 ಗೆಲಾಕ್ಸಿಯ ಚಿತ್ರಗಳನ್ನು ಒಂದರ ಹಿಂದೆ ಒಂದು ತೆಗೆಯುತ್ತಿದ್ದರು. ಮೊದಲ ಚಿತ್ರಗಳಲ್ಲಿ ಏನೂ ಇರಲಿಲ್ಲ. ನಂತರದವುಗಳಲ್ಲಿ ಒಂದು ಚುಕ್ಕೆ ಹುಟ್ಟಿ ಬೆಳೆಯುತ್ತಾ ಹೋಯಿತು. ಅಲೆ ಮೇಲ್ಮೈ ದಾಟುವ ಕ್ಷಣವೇ ಅವರ ಕ್ಯಾಮೆರಾದಲ್ಲಿ ಸಿಕ್ಕಿತ್ತು. ದೊಡ್ಡ ವೀಕ್ಷಣಾಲಯಗಳು ವರ್ಷಗಟ್ಟಲೆ ಕಾದರೂ ಸಿಗದ ಕ್ಷಣ ಅದು.

ಈಗ ಯಂತ್ರಗಳೇ ಇಡೀ ಆಕಾಶ ಗುಡಿಸುತ್ತವೆ. ಚಿಲಿಯ ವೆರಾ ರೂಬಿನ್ ವೀಕ್ಷಣಾಲಯ ಬಂದ ಮೇಲಂತೂ ದೂರದ, ಮಂಕಾದ ಸೂಪರ್‌ನೋವಾಗಳ ಹುಡುಕಾಟದಲ್ಲಿ ಹವ್ಯಾಸಿಗಳಿಗೆ ಜಾಗ ಕಡಿಮೆ. ಆದರೆ ಹತ್ತಿರದ ಗೆಲಾಕ್ಸಿಗಳನ್ನು ಮೇಲಿಂದ ಮೇಲೆ ನೋಡುವವರ ಬೆಲೆ ಇಳಿದಿಲ್ಲ. 2023ಐಎಕ್ಸ್‌ಎಫ್ ಪತ್ತೆಯಾದ ಮೇಲೆ ಎಷ್ಟೋ ಹವ್ಯಾಸಿಗಳು ಹಿಂದಿನ ರಾತ್ರಿಯ ತಮ್ಮ ಚಿತ್ರಗಳನ್ನು ಹುಡುಕಿ ಕೊಟ್ಟರು. ಸ್ಫೋಟದ ಸಮಯ ನಿಖರವಾಗಿ ಗೊತ್ತಾದದ್ದಕ್ಕೆ ಅವೂ ಕಾರಣ. ಹಾಗಾಗಿ ಹಳೆಯ ಚಿತ್ರಗಳನ್ನು ಅಳಿಸಬೇಡಿ.

ನಮ್ಮ ಕ್ಷೀರಪಥದಲ್ಲೇ ಮುಂದಿನದು ಸಿಡಿದರೆ?

ಇಲ್ಲಿ ನೂರು ವರ್ಷಕ್ಕೆ ಒಂದೆರಡು ಆಗಬೇಕು ಅನ್ನುವುದು ಅಂದಾಜು. ಬರಿಗಣ್ಣಿಗೆ ಖಚಿತವಾಗಿ ಕಂಡ ಕೊನೆಯದು 1604ರದ್ದು, ಕೆಪ್ಲರ್ ನೋಡಿದ್ದು. ಧೂಳಿನ ಹಿಂದೆ ಆದರೆ ಕಾಣುವುದೇ ಇಲ್ಲ. ಗೆಲಾಕ್ಸಿಯ ಕೇಂದ್ರದ ಕಡೆ ಇರುವ ಜಿ1.9+0.3 ಅವಶೇಷ ಬರೀ ನೂರು ಚಿಲ್ಲರೆ ವರ್ಷದ್ದು, ಅದು ಸಿಡಿದದ್ದು ಯಾರಿಗೂ ಗೊತ್ತಾಗಲಿಲ್ಲ.

ಈ ಸಲ ಗರ್ಭ ಕುಸಿದರೆ ತಪ್ಪಿಹೋಗುವುದಿಲ್ಲ. ಜಪಾನಿನ ಸೂಪರ್-ಕಾಮಿಯೊಕಾಂಡೆ ಒಂದರಲ್ಲೇ ಸಾವಿರಾರು ನ್ಯೂಟ್ರಿನೊ ದಾಖಲಾಗುತ್ತವೆ. 1987ರಲ್ಲಿ ಎಲ್ಲ ಸೇರಿ ಸಿಕ್ಕಿದ್ದು 25. ಅಷ್ಟು ಸಂಖ್ಯೆ ಸಿಕ್ಕಿದರೆ ಗರ್ಭ ಕುಸಿದ ಬಗೆಯನ್ನು ಸೆಕೆಂಡು ಸೆಕೆಂಡಿಗೂ ಓದಬಹುದು, ಕಪ್ಪುಕುಳಿ ಆದರೆ ನ್ಯೂಟ್ರಿನೊಗಳು ಥಟ್ಟನೆ ನಿಲ್ಲುವುದೂ ಕಾಣುತ್ತದೆ. ಬೀಟಲ್‌ಜ್ಯೂಸ್‌ನಷ್ಟು ಹತ್ತಿರದ್ದಾದರೆ, ಕೊನೆಯ ಸಿಲಿಕಾನ್ ಉರಿಯುವಾಗಿನ ನ್ಯೂಟ್ರಿನೊಗಳೇ ಕೆಲವು ಗಂಟೆ ಮೊದಲು ಸುಳಿವು ಕೊಡಬಹುದು. ಪತ್ತೆಯಂತ್ರಗಳನ್ನು ಒಟ್ಟಿಗೆ ಜೋಡಿಸಿರುವ ಸ್ನ್ಯೂಸ್ ಅನ್ನುವ ಜಾಲ ಇದೆ. ಒಂದೇ ಹೊತ್ತಿಗೆ ಹಲವು ಕಡೆ ನ್ಯೂಟ್ರಿನೊ ಏರಿದರೆ ಅದು ಎಲ್ಲರಿಗೂ ಎಚ್ಚರಿಕೆ ಕಳಿಸುತ್ತದೆ. ಹವ್ಯಾಸಿಗಳೂ ಅದಕ್ಕೆ ಇಮೇಲ್ ಕೊಟ್ಟು ಸೇರಿಕೊಳ್ಳಬಹುದು.